ನೆರಳಿಗೆ ಮುಂಚೆ ಬೆಂದ ರೊಟ್ಟಿ

ಅಮೆರಿಕದಿಂದ ಹಿಂತಿರುಗಿ ಹಳೇಬೀಡಿನ ಬಸ್ ನಿಲ್ದಾಣದಲ್ಲಿ ಇಳಿದಾಗ ನಮ್ಮನ್ನು ಎದುರುಗೊಂಡ ಮೊದಲ ಪ್ರಶ್ನೆ ಅಲ್ಲಿಯ ಗಗನಚುಂಬಿ ಕಟ್ಟಡಗಳನ್ನು ಕುರಿತದ್ದಾಗಿರಲಿಲ್ಲ. ಎಲೆ ಅಡಿಕೆ ಅಂಗಡಿಯವನು ನನ್ನ ಪತ್ನಿಯನ್ನು ಕಂಡೊಡನೆ, "ಅಮ್ಮಾವ್ರೇ, ಅಲ್ಲಿ ಊಟಕ್ಕೇನ್ ಮಾಡುದ್ರಿ?" ಎಂದ. ಬಸದಿ ಬೀದಿಯನ್ನು ತಲುಪುವಷ್ಟರಲ್ಲಿ ಅದೇ ಪ್ರಶ್ನೆಯನ್ನು ಇನ್ನೂ ಹಲವರು ಕೇಳಿದರು. ಪ್ರಶ್ನೆ ಸಕಾರಣವಾದದ್ದೇ. ನಾವು ಜೈನರು; ಅದರಲ್ಲಿಯೂ ನನ್ನ ಪತ್ನಿ ಸುನಂದಾ ಆಚಾರದ ವಿಷಯದಲ್ಲಿ ನನಗಿಂತ ಬಹಳ ಮುಂದೆ. ಮಾಂಸ, ಮೊಟ್ಟೆ, ಗೆಡ್ಡೆಗೆಣಸು, ಈರುಳ್ಳಿ ಇವು ಯಾವುವೂ ಅವಳಿಗೆ ಸಲ್ಲವು. ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯಳು. ಸೂರ್ಯ ಮುಳುಗಿದ ಮೇಲೆ ಒಂದು ಅಗುಳನ್ನೂ ಮುಟ್ಟಳು. ಅಂಥವಳು ಅಮೆರಿಕದಲ್ಲಿ ಉಂಡ ಒಂದು ಊಟದ ವೃತ್ತಾಂತವನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಪ್ರವಾಸದ ಕಾಲವನ್ನು ಮೊದಲು ನಿಶ್ಚಯಿಸುವುದು ಯುಕ್ತ. 'ನಾವು ಕಪ್ ಗೆದ್ದ ವರ್ಷ' ಎನ್ನುತ್ತಾನೆ ಸುನಂದಳ ತಮ್ಮ ಧರಣೇಂದ್ರ. 'ಭಾದ್ರಪದದ ನೋಂಪಿಯ ವ್ರತ ಮುಗಿಸಿಕೊಂಡು ಹೊರಟದ್ದು' ಎನ್ನುತ್ತಾಳೆ ಸುನಂದಾ. ಪಾಸ್‌ಪೋರ್ಟಿನ ಮುದ್ರೆ ೧೯೮೩ರ ಸೆಪ್ಟೆಂಬರಿನ ಕೊನೆಯನ್ನು ಸೂಚಿಸುತ್ತದೆ. ಮೂರು ಆಧಾರಗಳೂ ಪರಸ್ಪರ ಹೊಂದುವುದರಿಂದ ಈ ಬಗ್ಗೆ ಸಂಶಯಕ್ಕೆ ಎಡೆಯಿಲ್ಲ.

ಅರಸೀಕೆರೆ ನಿಲ್ದಾಣ

ನಮ್ಮನ್ನು ಕರೆಸಿಕೊಂಡವಳು ಹೆಲೆನ್ ಎಂಬ ಅಧ್ಯಾಪಕಿ. ಹಿಂದೊಮ್ಮೆ ನಮ್ಮೂರಿನ ಪಾರ್ಶ್ವನಾಥ ಬಸದಿಯ ಕಂಬಗಳನ್ನು ಅಭ್ಯಸಿಸಲು ಬಂದು, ಒಂದಿಡೀ ಚಳಿಗಾಲ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಇದ್ದಳು. ಆಕೆ ಅದನ್ನು ಎಪ್ಪತ್ತೊಂದು ಎನ್ನುತ್ತಿದ್ದಳು. ನನ್ನ ನಿವೃತ್ತಿಗೆ ಮುಂಚಿನ ಪತ್ರಗಳನ್ನು ನೋಡಿದರೆ ಅದು ೧೯೭೨ರ ಅಂತ್ಯವೆಂದು ಸ್ಪಷ್ಟವಾಗುತ್ತದೆ. ಆ ಚಳಿಗಾಲದುದ್ದಕ್ಕೂ ಅವಳಿಗೆ ಅನ್ನವಿಕ್ಕಿದವಳು ಸುನಂದಾ. ಕನ್ನಡ ಕಲಿಸಿದವಳು ಮಾತ್ರ ಹಗರೆಯಿಂದ ಹಾಲು ತರುತ್ತಿದ್ದ ಹೆಂಗಸು. ಶಾಸನಗಳ ಕಾಲನಿರ್ಣಯದಲ್ಲಿ ಆಯುಷ್ಯ ಕಳೆದ ನಾನು ಎದುರಿಗೆ ಕುಳಿತು ವ್ಯಾಕರಣ ಹೇಳಿಕೊಡುತ್ತಿದ್ದರೂ, ಹೆಲೆನ್ನಳ ನಾಲಗೆಗೆ ಹತ್ತಿದ್ದು ಹಾಲಿನವಳ ಮಾತೇ. ಊರಿನವರು ಅವಳನ್ನು ಎಲೆನಮ್ಮ ಎಂದೇ ಕರೆದರು.

ಧರಣೇಂದ್ರ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಿ. ಅಕ್ಕನನ್ನು ಒಬ್ಬಳನ್ನೇ ಕಳಿಸಲಾರೆನೆಂದು ನಮ್ಮ ಜೊತೆ ಹೊರಟವನು. ನಾನು ಜೊತೆಗಿರುವುದನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಂತಿರಲಿಲ್ಲ. ಮುಂಬಯಿಯ ಕಡೆಗೆ ಹೋಗುವ ರೈಲಿಗಾಗಿ ನಿಲ್ದಾಣದಲ್ಲಿ ಕಾದಿದ್ದಾಗ ಅವನು ಕೂಲಿಯಾಳಿನ ತಲೆಯ ಮೇಲೆ ಒಂದು ದೊಡ್ಡ ತಗಡಿನ ಡಬ್ಬಿಯನ್ನು ಹೊರಿಸಿಕೊಂಡು ಬಂದ.

"ಏನೋ ಇದು?" ಎಂದಳು ಸುನಂದಾ.

"ಕೊಬ್ಬರಿ ಎಣ್ಣೆ ಕಣಕ್ಕ. ಗಾಣದ್ದು. ಅಲ್ಲಿ ತಲೆಗೆ ಏನ್ ಹಚ್ಕತಾರೋ ಏನೋ, ಯಾರಿಗ್ ಗೊತ್ತು."

"ಮೂರು ತಲೆಗೆ ಇಷ್ಟು ಎಣ್ಣೆಯಾ? ನಿನ್ನ ತಲೇಲಿ ಕೂದಲೇ ಇಲ್ಲವಲ್ಲೋ!"

"ಅದುಕ್ಕೇ ಕಣಕ್ಕ, ಜಾಸ್ತಿ ಬೇಕು."

ಸಾಲ್ಟ್ ಲೇಕ್ ಸಿಟಿ

ಹೆಲೆನ್ ವಾಸವಾಗಿದ್ದದ್ದು ಅಮೆರಿಕದ ಪಶ್ಚಿಮ ಭಾಗದಲ್ಲಿರುವ ಯೂಟಾ ಪ್ರಾಂತ್ಯದಲ್ಲಿ. ಹೆಸರಿಗೆ ತಕ್ಕಂತೆ ಊರಿನ ಪಕ್ಕದಲ್ಲೇ ಉಪ್ಪುನೀರಿನ ಸರೋವರ; ಸುತ್ತಲೂ ಗುಡ್ಡ. ಬೀದಿಗಳು ಅಳತೆಗೋಲಿಟ್ಟು ಗೀಚಿದಷ್ಟು ನೇರ. ವಿಮಾನ ನಿಲ್ದಾಣದಲ್ಲಿ ಸಾವಿರ ಜನರ ನಡುವೆ ಆಕೆ ಎರಡೂ ಕೈಗಳನ್ನೆತ್ತಿ, "ಅಕ್ಕಾ! ಸುನಂದಕ್ಕಾ! ಇಲ್ಲಿವ್ನಿ ಕಣಕ್ಕಾ!" ಎಂದು ಕೂಗಿದಾಗ ನನಗೆ ಕ್ಷಣಕಾಲ ಹಗರೆಯ ಸಂತೆಯಲ್ಲಿ ನಿಂತಂತಾಯಿತು. ಧರಣೇಂದ್ರನಂತೂ ಬಾಯಿ ತೆರೆದು ನಿಂತುಬಿಟ್ಟ.

"ಭಾವ, ಈ ಯಮ್ಮ ನಮ್ ಅರಸೀಕೆರೆ ಪಕ್ಕದ್ ಗಂಡಸಿ ಊರ್ ಕಡೇರ ತರ ಮಾತಾಡ್ತದಲ್ಲ!"

"ಹಗರೆ ಕಡೆಯದು," ಎಂದು ನಾನು ತಿದ್ದಿದೆ.

ಅಂದು ಆರಂಭವಾದ ಒಂದು ಮೌನ ಹೋರಾಟ ಮುಂದೆ ಪ್ರವಾಸದುದ್ದಕ್ಕೂ ನಡೆಯಿತು. ಒಂದು ಚಳಿಗಾಲ ಪೂರ್ತಿ ತನಗೆ ಉಣಿಸಿದವಳಿಗೆ ತನ್ನ ಕೈಯಾರೆ ಒಂದು ಹೊತ್ತು ಉಣಿಸಬೇಕೆಂಬುದು ಹೆಲೆನ್ನಳ ಆಸೆ. ಅದಕ್ಕಾಗಿಯೇ ನಮ್ಮನ್ನು ಕರೆಸಿಕೊಂಡಳೆಂದರೂ ತಪ್ಪಲ್ಲ. ಸುನಂದಳಿಗೆ ಬಡಿಸುವ ಕೈ ಯಾರದೆಂಬುದು ಮುಖ್ಯವಲ್ಲ. ಪಾತ್ರೆ, ಪದಾರ್ಥ, ಹೊತ್ತು ಈ ಮೂರು ಶುದ್ಧವಾಗಿದ್ದರೆ ಸಾಕು. ಆದರೆ ಆ ಮನೆಯಲ್ಲಿ ಮೂರೂ ಒಮ್ಮೆಗೆ ಕೂಡಿಬರಲಿಲ್ಲ. ಮೊದಲ ದಿನದ ಹಸಿ ತರಕಾರಿಯಲ್ಲಿ ಈರುಳ್ಳಿ ಇತ್ತು. ಮರುದಿನದ ಬಿಸ್ಕತ್ತಿನಲ್ಲಿ ಮೊಟ್ಟೆ ಇತ್ತು. ಇನ್ನೊಮ್ಮೆ ಎಲ್ಲವೂ ಸರಿಯಿದ್ದಾಗ, ಅದನ್ನು ಬೇಯಿಸಿದ ಪಾತ್ರೆಯಲ್ಲಿ ಹಿಂದಿನ ವಾರ ಏನು ಬೆಂದಿತ್ತೆಂಬುದನ್ನು ಹೆಲೆನ್ ತಾನೇ ನೆನಪಿಸಿಕೊಂಡು, "ಬ್ಯಾಡ ಅಕ್ಕ, ಬ್ಯಾಡ," ಎಂದು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು. ಸುನಂದಾ ತಾನು ತಂದ ಪುಟ್ಟ ಸ್ಟೌವಿನ ಮೇಲೆ ಅನ್ನ ತೊವ್ವೆ ಮಾಡಿ ಎಲ್ಲರಿಗೂ, ಹೆಲೆನ್ನಳಿಗೂ, ಬಡಿಸಿದಳು. ಅತಿಥಿಯೇ ಆತಿಥೇಯಳಿಗೆ ಉಣಿಸುವ ಈ ವಿಪರ್ಯಾಸ ಹೆಲೆನ್ನಳನ್ನು ಒಳಗೊಳಗೇ ಕೊರೆಯುತ್ತಿತ್ತು.

"ಮೇಷ್ಟ್ರೇ," ಎಂದಳು ಒಂದು ಬೆಳಿಗ್ಗೆ ನನ್ನೊಡನೆ, "ಅಕ್ಕ ಇಲ್ಲಿಂದ ನನ್ ಕೈ ತುತ್ತು ತಿನ್ದಲೇ ಹೋದ್ರೆ, ನಾನು ಇನ್ನ ಹಳೇಬೀಡಿಗೆ ಯಾವ್ ಮಖ ಹೊತ್ಕಂಡು ಬರ್ಲಿ?"

ಅಂದೇ ಅಂಗಡಿಗೆ ಹೋಗಿ ಒಂದು ಹೊಸ ಪಾತ್ರೆ ಕೊಂಡು ತಂದಳು. ಎರಕದ ಕಬ್ಬಿಣದ್ದು, ಕೆಳಗೆ ಮೂರು ಗಿಡ್ಡ ಕಾಲು, ಮೇಲೆ ತಂತಿಯ ಹಿಡಿ. ಮುಚ್ಚಳ ನಮ್ಮಲ್ಲಿಯಂತೆ ಉಬ್ಬಿರದೆ ಚಪ್ಪಟೆಯಾಗಿದ್ದು, ಅಂಚಿಗೆ ಬೆರಳುದ್ದದ ಕಟ್ಟೆ ಇತ್ತು. ಡಚ್ ಅವನ್ ಎಂದು ಅದರ ಹೆಸರು. ಡಚ್ಚರಿಗೂ ಅದಕ್ಕೂ ಏನು ಸಂಬಂಧವೆಂದು ವಿಚಾರಿಸಿದೆ. ಅಲ್ಲಿಯವರಲ್ಲೇ ಏಕಾಭಿಪ್ರಾಯವಿಲ್ಲವೆಂದು ತಿಳಿದು ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟೆ. ಸುನಂದಾ ಅದನ್ನು ಮೂರ್ಕಾಲು ಬೋಸಿ ಎಂದಳು. ಉಳಿದ ದಿನಗಳಲ್ಲಿ ಆ ಹೆಸರೇ ನಿಂತಿತು.

ಹೊಸ ಕಬ್ಬಿಣವನ್ನು ಪಳಗಿಸಲು ಅಲ್ಲಿಯವರು ಹಂದಿಯ ಕೊಬ್ಬನ್ನು ಸವರಿ ಕಾಯಿಸುತ್ತಾರಂತೆ. ಅದನ್ನು ಕೇಳಿ ಸುನಂದಾ ಕುಳಿತಲ್ಲಿಂದ ಎದ್ದೇಬಿಟ್ಟಳು. ಆಗ ಅರಸೀಕೆರೆಯ ಡಬ್ಬಿ ಹೊರಬಂತು.

"ಎಲ್ಲಾದ್ರೂ ಉಂಟಾ! ತಲೆಗೆ ಹಚ್ಚೋ ಎಣ್ಣೆ ಬೋಸಿಗೆ ಹಚ್ತಾವ್ರಲ್ಲ!" ಎಂದು ಧರಣೇಂದ್ರ ಗೋಳಾಡಿದ.

"ಸುಮ್ನಿರಪ್ಪ," ಎಂದಳು ಹೆಲೆನ್, "ಬೋಸಿಗೂ ಕೂದ್ಲಿಲ್ಲ, ನಿಂಗೂ ಇಲ್ಲ."

ಕಣಿವೆ: ಮೊದಲ ದಿನ

ನಾವು ಹೊರಡುವುದಕ್ಕೆ ಮುಂಚಿನ ಎರಡು ದಿನಗಳನ್ನು ಕಣಿವೆಯೊಂದರಲ್ಲಿ ಡೇರೆ ಹಾಕಿಕೊಂಡು ಕಳೆಯುವುದೆಂದು ನಿಶ್ಚಯವಾಯಿತು. ಬಯಲಿನಲ್ಲಿ, ಹೊಸ ಪಾತ್ರೆಯಲ್ಲಿ, ಕಣ್ಣೆದುರಿಗೇ ಬ್ರೆಡ್ಡಿನಂತೆ ಉಬ್ಬಿ ಬೇಯುವ ರೊಟ್ಟಿಯನ್ನು ಸುನಂದಾ ನಿರಾಕರಿಸಲಾರಳೆಂಬುದು ಹೆಲೆನ್ನಳ ಎಣಿಕೆ.

ಎರಡೂ ಕಡೆ ಕೆಂಪು ಬಂಡೆಯ ಗೋಡೆಗಳು, ನಡುವೆ ಸಣ್ಣ ಹೊಳೆ, ಹೊಳೆಯ ದಡದಲ್ಲಿ ಹಳದಿಗೆ ತಿರುಗಿದ ಮರಗಳು. ದಾರಿಯಲ್ಲಿ ಒಂದು ಹಲಗೆಯ ಮನೆಗೆ ಬೇಲಿ ಕಟ್ಟಿ, ಅತಿ ಪ್ರಾಚೀನವೆಂದು ಫಲಕ ಹಾಕಿದ್ದರು. ಫಲಕದ ಪ್ರಕಾರ ಅದಕ್ಕೆ ನೂರು ವರ್ಷವೂ ತುಂಬಿರಲಿಲ್ಲ. ಬೇಲೂರಿನ ದೇವಾಲಯದ ಪ್ರತಿಷ್ಠೆಯಾದದ್ದು ೧೧೧೭ರಲ್ಲಿ. ನಮ್ಮ ಬಸದಿ ೧೧೩೩ರದು. ಅವುಗಳ ನೆರಳಿನಲ್ಲಿ ಬೆಳೆದವರು ಇಂಥ ಪ್ರಾಚೀನತೆಯ ಎದುರು ಗಂಭೀರವಾಗಿ ನಿಲ್ಲುವುದು ಸುಲಭವಲ್ಲ.

"ನಮ್ ಅರಸೀಕೆರೆ ರೈಲ್ವೆ ಗೋಡೌನೇ ಇದುಕ್ಕಿಂತ ಹಳೇದು," ಎಂದ ಧರಣೇಂದ್ರ. ಅದನ್ನು ಪರಿಶೀಲಿಸಬೇಕೆಂದು ನಾನು ಹೇಳಿದೆ. ಈವರೆಗೆ ಸಾಧ್ಯವಾಗಿಲ್ಲ.

ಹಿಟ್ಟು ಸುನಂದಾ ತಂದ ಗೋಧಿಯದು. ಮೊಸರು ಅವಳೇ ಹಾಲಿಗೆ ಒಣಮೆಣಸಿನಕಾಯಿಯ ತೊಟ್ಟು ಹಾಕಿ ಹೆಪ್ಪುಗಟ್ಟಿಸಿದ್ದು. ಬೆಲ್ಲ, ತುಪ್ಪ, ಏಲಕ್ಕಿ, ಚಿಟಿಕೆ ಸೋಡಾ ಸೇರಿಸಿ ಹೆಲೆನ್ ಕಲಸಿದಳು. ಸೌದೆಯ ಪ್ರಶ್ನೆ ಬಂದಾಗ ಸುನಂದಾ ಒಂದೊಂದು ಕೊರಡನ್ನೂ ಕಲ್ಲಿಗೆ ಮೆಲ್ಲಗೆ ತಟ್ಟಿ, ಅದರೊಳಗಿನ ಇರುವೆ ಗೆದ್ದಲುಗಳಿಗೆ ಹೊರಡಲು ಅವಕಾಶ ಕೊಡತೊಡಗಿದಳು. ಒಂದು ಕೊರಡಿನಿಂದ ಇರುವೆಗಳ ಸಾಲು ಮುಗಿಯಲೇ ಇಲ್ಲ. ಹೆಲೆನ್ ತಾಳ್ಮೆಗೆಟ್ಟು ಕಾರಿನಿಂದ ಇದ್ದಿಲಿನ ಚೀಲ ತಂದಳು. ಇದ್ದಿಲಿನ ಪುಡಿಯನ್ನು ಒತ್ತಿ ಮಾಡಿದ, ಎಲ್ಲ ಒಂದೇ ಗಾತ್ರದ ಉಂಡೆಗಳವು. ಅವುಗಳಲ್ಲಿ ಜೀವ ಇರುವುದು ಸಾಧ್ಯವಿಲ್ಲವೆಂದು ಸುನಂದಾ ಒಪ್ಪಿದಳು.

"ನಮ್ ಕರಟದ ಕೆಂಡದ್ ಮುಂದೆ ಇವೇನು!" ಎಂದು ಧರಣೇಂದ್ರ ಒಂದು ಉಂಡೆಯನ್ನು ಕೈಯಲ್ಲಿ ತೂಗಿ ನೋಡಿ ಹೇಳಿದ.

ಉಂಡೆಗಳ ಮೈಮೇಲೆ ತೆಳುವಾಗಿ ಬೂದಿ ಕವಿದಾಗ ಅವು ಹದಕ್ಕೆ ಬಂದವೆಂದರ್ಥ. ಬೂದಿ ಮುಚ್ಚಿದ ಕೆಂಡವನ್ನು ನಾವು ಅಪಾಯದ ಹೋಲಿಕೆಗೆ ಬಳಸುತ್ತೇವೆ. ರೊಟ್ಟಿ ಮಾಡುವವರಿಗೆ ಅದೇ ಭರವಸೆ. ಹೆಲೆನ್ ಕೆಂಡದಲ್ಲಿ ಒಂದು ಪಾಲನ್ನು ಬೋಸಿಯ ಕೆಳಗೆ ಉಂಗುರದಂತೆ ಹರಡಿ, ಎರಡು ಪಾಲನ್ನು ಮುಚ್ಚಳದ ಮೇಲೆ ಜೋಡಿಸಿ, ನೀರು ತರಲೆಂದು ಹೊಳೆಗೆ ಹೋದಳು. ಅಕ್ಕ ತಮ್ಮ ಕಾವಲಿಗೆ ಕುಳಿತರು. ನಾನು ಬಂಡೆಯ ಪದರಗಳನ್ನು ನೋಡುತ್ತ ತುಸು ದೂರದಲ್ಲಿದ್ದೆ.

"ಅಲ್ಲ ಅಕ್ಕ, ಬೆಂಕಿ ತಲೆ ಮ್ಯಾಲೆ ಐತೆ, ಕೆಳಗೆ ಒಂಚೂರೇ ಇರೋದು. ಇದು ಯಾವ ಕಾಲಕ್ಕೆ ಬೇಯ್ತದೆ?"

"ಅದೇ ನೋಡು. ಪಾಪ, ಅವಳಿಗೆ ಒಲೆ ಹೂಡಿ ಅಭ್ಯಾಸ ಇಲ್ಲ ಅಂತ ಕಾಣುತ್ತೆ. ನಾವೇ ಸರಿ ಮಾಡೋಣ."

ಹೆಲೆನ್ನಳ ಮರ್ಯಾದೆ ಉಳಿಸಬೇಕೆಂಬ ಸದುದ್ದೇಶದಿಂದಲೇ ಇಬ್ಬರೂ ಮುಚ್ಚಳದ ಮೇಲಿನ ಕೆಂಡವನ್ನೆಲ್ಲ ಕೆಳಕ್ಕೆ ತಳ್ಳಿದರು. ಸಾಲದೆಂದು ದೋಸೆ ನೋಡುವಂತೆ ಆಗಾಗ ಮುಚ್ಚಳ ಎತ್ತಿ ನೋಡಿದರು. ಹೆಲೆನ್ ಹಿಂತಿರುಗುವ ವೇಳೆಗೆ ರೊಟ್ಟಿಯ ತಳ ಡಾಂಬರಿನಂತೆ ಕಪ್ಪಾಗಿ ಬೋಸಿಗೆ ಕಚ್ಚಿಕೊಂಡಿತ್ತು. ಮೇಲ್ಭಾಗದಲ್ಲಿ ಹಿಟ್ಟು ಹಿಟ್ಟಾಗಿಯೇ ಇತ್ತು. ಕೊಬ್ಬರಿ ಎಣ್ಣೆಯ ವಾಸನೆ ಕಣಿವೆಯ ತುಂಬ ಹರಡಿ, ಪಕ್ಕದ ಡೇರೆಯವರು ಇಣುಕಿ ನೋಡಿದರು.

ಹೆಲೆನ್ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಕ್ಕ, ನಿಮ್ಮನೇಲಿ ಅತ್ತೇರು ಅನ್ನ ಬಸ್ದು, ಇಂಗ್ಸೋವಾಗ ತಟ್ಟೆ ಮ್ಯಾಲೆ ಕೆಂಡ ಹಾಕ್ತಿರ್ನಿಲ್ವಾ? ನಾನೇ ಕಣ್ಣಾರೆ ನೋಡಿವ್ನಿ."

ಸುನಂದಾ ಒಂದು ಗಳಿಗೆ ಯೋಚಿಸಿದಳು. "ಹೌದಲ್ಲೇ! ಆದರೆ ಅದು ಅನ್ನ ಕಣೇ. ರೊಟ್ಟಿಗೂ ಮೇಲಿಂದ ಬೆಂಕಿ ಬೇಕು ಅಂತ ಯಾರಿಗೆ ಗೊತ್ತು?"

ಮೂವರೂ ನಕ್ಕರು. ಆದರೆ ಸುಟ್ಟ ತಳವನ್ನು ಕೆರೆಯುತ್ತಿದ್ದಾಗ ಹೆಲೆನ್ನಳ ಮುಖ ಸಪ್ಪಗಾಗಿದ್ದುದನ್ನು ನಾನು ಗಮನಿಸಿದೆ. ಆ ಮಧ್ಯಾಹ್ನ ನಾವು ಮೊಸರವಲಕ್ಕಿ ತಿಂದೆವು. ಸಂಜೆಯೆಲ್ಲ ಮೋಡ ಕವಿದಿತ್ತು. ಸೂರ್ಯ ಎಲ್ಲಿ, ಯಾವಾಗ ಮುಳುಗಿದನೆಂಬುದೇ ತಿಳಿಯಲಿಲ್ಲ.

ಕಣಿವೆ: ಎರಡನೆಯ ದಿನ

ಕೊನೆಯ ದಿನ ಆಕಾಶ ತೊಳೆದಿಟ್ಟಂತಿತ್ತು. ಬೆಳಿಗ್ಗೆಯೇ ರೊಟ್ಟಿ ಮಾಡುವುದೆಂದಿದ್ದರೂ ಗಾಳಿ ಬಿಡಲಿಲ್ಲ. ಗಾಳಿಯಲ್ಲಿ ಕೆಂಡ ಒಂದು ಮಗ್ಗುಲಿಗೆ ಭಗ್ಗನೆ ಉರಿದು ಬೂದಿಯಾಗುತ್ತದೆ, ಇನ್ನೊಂದು ಮಗ್ಗುಲು ತಣ್ಣಗೇ ಉಳಿಯುತ್ತದೆ ಎಂದು ಹೆಲೆನ್ ವಿವರಿಸಿದಳು. ಮಧ್ಯಾಹ್ನದ ಊಟವನ್ನು ಸುನಂದಾ ಮತ್ತೆ ತನ್ನ ಸ್ಟೌವಿನ ಮೇಲೆಯೇ ಮಾಡಿದಳು. ಗಾಳಿ ನಿಂತದ್ದು ಆ ಬಳಿಕ, ಬಹಳ ತಡವಾಗಿ.

"ಹೊತ್ತಿದೆಯೇನ್ರೀ?" ಎಂದು ಸುನಂದಾ ನನ್ನನ್ನು ಕೇಳಿದಳು.

ಹಿಂದಿನ ದಿನದ ವೃತ್ತಪತ್ರಿಕೆಯಲ್ಲಿ ಸೂರ್ಯಾಸ್ತದ ಗಂಟೆಯನ್ನು ನೋಡಿದ್ದೆ. ನಮ್ಮ ಪಂಚಾಂಗದಿಂದ ಅಕ್ಷಾಂಶ ವ್ಯತ್ಯಾಸ ಕಳೆದು ತಾಳೆ ನೋಡಿದಾಗಲೂ ಎರಡೂ ಹೊಂದಿದ್ದವು. ಬೇಕಾದಷ್ಟು ಹೊತ್ತಿದೆ ಎಂದು ಧೈರ್ಯ ಹೇಳಿದೆ.

ಈ ಬಾರಿ ಕೆಂಡಕ್ಕೆ ಯಾರೂ ಕೈಹಾಕಲಿಲ್ಲ. ನನಗೊಂದು ಕೆಲಸ ಒಪ್ಪಿಸಲಾಗಿತ್ತು: ಕೊಕ್ಕೆಯಿಂದ ಬೋಸಿಯನ್ನು ಆಗಾಗ ಬಲಕ್ಕೆ ತುಸು ತಿರುಗಿಸುವುದು, ಮುಚ್ಚಳವನ್ನು ಎಡಕ್ಕೆ. ಹಾಗೆ ಮಾಡಿದರೆ ಒಂದೇ ಕೆಂಡದ ಎದುರು ಒಂದೇ ಜಾಗ ಸುಡುವುದಿಲ್ಲ. ಮುಚ್ಚಳವನ್ನು ಎತ್ತುವಂತಿಲ್ಲ, ಒಳಗಿನ ಸ್ಥಿತಿಯನ್ನು ವಾಸನೆಯಿಂದಲೇ ಊಹಿಸಬೇಕು. ಏಲಕ್ಕಿಯ ಪರಿಮಳ ಮೆಲ್ಲನೆ ಹೊರಬರತೊಡಗಿತು. ಅದರ ಬೆನ್ನಿಗೆ ಅರಸೀಕೆರೆಯ ಎಣ್ಣೆಯೂ ಇತ್ತು.

ಅಷ್ಟರಲ್ಲಿ ಸುನಂದಾ, "ರೀ, ಅಲ್ಲಿ ನೋಡಿ," ಎಂದಳು.

ಪಶ್ಚಿಮದ ಬಂಡೆಗೋಡೆಯ ನೆತ್ತಿಗೆ ಸೂರ್ಯ ತಾಗಿದ್ದ. ನಾವು ನೋಡುತ್ತಿದ್ದಂತೆಯೇ ಅವನು ಅದರ ಹಿಂದೆ ಜಾರಿದ; ಹೊಳೆ, ಮರ, ಡೇರೆ, ಬೋಸಿ ಎಲ್ಲದರ ಮೇಲೂ ನೆರಳು ಬಿತ್ತು. ಪತ್ರಿಕೆಯ ಗಣನೆ ಬಯಲು ಸೀಮೆಗೆ. ಕಣಿವೆಯ ಆಳದಲ್ಲಿ ಕುಳಿತವರಿಗೆ ಅದು ಅನ್ವಯಿಸದೆಂಬುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಖಗೋಳದ ದೃಷ್ಟಿಯಿಂದ ಸೂರ್ಯನಿನ್ನೂ ಕ್ಷಿತಿಜದ ಮೇಲೆಯೇ ಇದ್ದಾನೆಂದೂ, ಗುಡ್ಡ ಅಡ್ಡಬಂದುದನ್ನು ಅಸ್ತವೆಂದು ಪರಿಗಣಿಸುವುದು ಶಾಸ್ತ್ರಸಮ್ಮತವಲ್ಲವೆಂದೂ ನಾನು ವಾದಿಸಿದೆ.

"ಪೇಪರಿನ ಸೂರ್ಯನ್ನ ಕಟ್ಕೊಂಡು ನಾನೇನು ಮಾಡ್ಲಿ?" ಎಂದಳು ಸುನಂದಾ. "ಬಿಸಿಲು ನನ್ನ ಎಲೆ ಮೇಲೆ ಬೀಳ್ಬೇಕು. ನನ್ನ ಕಣ್ಣಿಗೆ ಕಾಣ್ಬೇಕು."

"ಬಿಡಿ ಭಾವ," ಎಂದ ಧರಣೇಂದ್ರ, "ನೀವು ಕಲ್ ಮ್ಯಾಲಿರೋದ್ ಓದ್ತೀರ. ಅಕ್ಕನ್ನ ಓದಕ್ಕಾಯ್ಕಿಲ್ಲ."

ಹೆಲೆನ್ ಕೊಕ್ಕೆ ಹಿಡಿದು ಬೋಸಿಯ ಎದುರು ಕುಕ್ಕರಗಾಲಲ್ಲಿ ಕುಳಿತಿದ್ದಳು. ಮರುದಿನ ಬೆಳಿಗ್ಗೆ ನಮ್ಮ ವಿಮಾನ. ಒಳಗೆ ಅರೆಬೆಂದ ರೊಟ್ಟಿ. ಅವಳ ಕಣ್ಣು ತುಂಬಿ ಬಂದುದನ್ನು ಕಂಡು ಸುನಂದಾ ಹತ್ತಿರ ಹೋಗಿ ಭುಜ ಮುಟ್ಟಿದಳು. "ಬೇಜಾರ್ ಮಾಡ್ಕೋಬೇಡ ಕಣೇ. ನೀನು ಮಾಡಿದ್ದೀಯಲ್ಲ, ಅದೇ ನಾನು ಉಂಡ ಹಾಗೆ."

ಆ ಮಾತು ಹೆಲೆನ್ನಳನ್ನು ಸಮಾಧಾನಪಡಿಸುವ ಬದಲು ಕೆರಳಿಸಿತು. "ಉಂಡಂಗೆ ಅಲ್ಲ, ಉಣ್ಬೇಕು!" ಎಂದು ಎದ್ದು ನಿಂತು ಪೂರ್ವದ ಕಡೆ ಕೈತೋರಿದಳು. "ಅಲ್ಲಿ ಐತೆ ನೋಡಿ ಬಿಸಿಲು!"

ಕಣಿವೆಯ ಪೂರ್ವದ ಇಳಿಜಾರು ಇನ್ನೂ ಬೆಳಗುತ್ತಿತ್ತು. ನೆರಳಿನ ಗೆರೆ ಅದರ ಬುಡದಿಂದ ಮೇಲಕ್ಕೆ ನಿಧಾನವಾಗಿ ಏರುತ್ತಿತ್ತು. ಅದಕ್ಕಿಂತ ಬೇಗ ಏರಿದವರಿಗೆ ಸೂರ್ಯ ಮುಳುಗಿಲ್ಲ.

ಪೂರ್ವದ ಗುಡ್ಡ

"ರೊಟ್ಟಿ ಇನ್ನೂ ಬೆಂದಿಲ್ವಲ್ಲೇ?" ಎಂದಳು ಸುನಂದಾ.

"ತಳ ಬೆಂದೈತೆ. ಇನ್ನ ಕೆಳಗಿನ್ ಕೆಂಡ ಬ್ಯಾಡ. ಮ್ಯಾಲಿಂದ್ ಇದ್ರೆ ಸಾಕು. ನಡೀತಾ ನಡೀತಾ ಬೇಯ್ತದೆ."

ತಳದ ಕೆಂಡವನ್ನು ಎಳೆದು, ನೀರು ಸುರಿದು ಪೂರ್ತಿ ನಂದಿಸಿದಳು. ಡೇರೆಯ ಗಳುವೊಂದನ್ನು ಕಿತ್ತು, ಹೊಳೆಯಲ್ಲಿ ಅದ್ದಿ ಒದ್ದೆಮಾಡಿ, ಬೋಸಿಯ ಹಿಡಿಯೊಳಗೆ ತೂರಿಸಿದಳು. ಮುಂದೆ ನಾನು, ಹಿಂದೆ ಧರಣೇಂದ್ರ, ನಡುವೆ ತಲೆಯ ಮೇಲೆ ಕೆಂಡ ಹೊತ್ತ ಬೋಸಿ. ಹೀಗೆ ಗಳುವನ್ನು ಹೆಗಲಿಗೇರಿಸಿ ಹೊರಟೆವು. ಸುನಂದಾ ಸೋಸಿದ ನೀರಿನ ಚೊಂಬು ಹಿಡಿದು ಮುಂದೆ ನಡೆದಳು. ಕಿಡಿ ಬಿದ್ದರೆ ಆರಿಸಲು ಹೆಲೆನ್ ಬಕೆಟ್ಟಿನಲ್ಲಿ ನೀರು ಹೊತ್ತು ಪಕ್ಕದಲ್ಲೇ ಬಂದಳು. ಕಾಲುದಾರಿ ಬರಿಯ ಬಂಡೆಯಾದ್ದರಿಂದ ಸುತ್ತ ಹತ್ತಿಕೊಳ್ಳುವಂಥದ್ದೇನೂ ಇರಲಿಲ್ಲ. ಮುಚ್ಚಳದ ಅಂಚಿನ ಕಟ್ಟೆ ಏತಕ್ಕೆಂಬುದು ನನಗೆ ಆಗ ಪೂರ್ಣವಾಗಿ ಮನದಟ್ಟಾಯಿತು. ಒಂದು ಕೆಂಡವೂ ಉರುಳಲಿಲ್ಲ.

ಏರು ಆರಂಭವಾದೊಡನೆ ಬೇರೆ ಸಂಕಟ ಶುರುವಾಯಿತು. ಮುಂದಿದ್ದ ನಾನು ಎತ್ತರದವನು, ಹಿಂದಿದ್ದ ಧರಣೇಂದ್ರ ಗಿಡ್ಡ. ಗಳು ಹಿಂದಕ್ಕೆ ವಾಲಿ, ಬೋಸಿ ಮೆಲ್ಲಗೆ ಅವನತ್ತ ಜಾರತೊಡಗಿತು.

"ಭಾವ! ನಿಲ್ಲಿ ಭಾವ! ಬೋಸಿ ನನ್ ಹೊಟ್ಟೆ ಮ್ಯಾಕೇ ಬತ್ತಾ ಐತೆ!"

"ಹೊಟ್ಟೆ ಒಳಗೆ ಎಳ್ಕೊಳೋ!" ಎಂದಳು ಸುನಂದಾ.

"ಎಳ್ಕಂಡೇ ಇವ್ನಿ ಕಣಕ್ಕ, ಇಷ್ಟೇ ಹೋಗದು!"

ಬೋಸಿಯನ್ನು ಇಳಿಸಿ ನಾವಿಬ್ಬರೂ ಸ್ಥಾನ ಬದಲಿಸಿದೆವು. ಗಿಡ್ಡವನು ಮುಂದೆ, ಎತ್ತರದವನು ಹಿಂದೆ ಬಂದೊಡನೆ ಗಳು ಸಮನಾಯಿತು. ಆದರೆ ಅಷ್ಟರಲ್ಲಿ ನೆರಳಿನ ಗೆರೆ ನಮ್ಮನ್ನು ದಾಟಿ ಮುಂದಕ್ಕೆ ಹೋಗಿಬಿಟ್ಟಿತ್ತು. ಅದನ್ನು ಹಿಡಿಯಲು ಬಹುತೇಕ ಓಡಬೇಕಾಯಿತು. ಉತ್ಸವದಲ್ಲಿ ಪಲ್ಲಕ್ಕಿ ಹೊತ್ತವರು ಗಂಭೀರವಾಗಿ ಹೆಜ್ಜೆಯಿಡುತ್ತಾರೆ. ನಮ್ಮದು ಹಾಗಿರಲಿಲ್ಲ. ಏದುಸಿರು, ಬೆವರು, ಕಣ್ಣಿಗೆ ಇದ್ದಿಲಿನ ಬಿಸಿ. ಎದುರಿನಿಂದ ಇಳಿದು ಬರುತ್ತಿದ್ದ ಇಬ್ಬರು ಚಾರಣಿಗರು ಬಂಡೆಗೆ ಒತ್ತಿ ನಿಂತು ದಾರಿ ಬಿಟ್ಟರು. ಏನಿದು ಎಂದು ಅವರು ಹೆಲೆನ್ನಳನ್ನು ಕೇಳಿದ್ದಿರಬೇಕು, ಆಕೆ ಗಡಿಬಿಡಿಯಲ್ಲಿ, "ರೊಟ್ಟಿ ಕಣ್ರೀ, ರೊಟ್ಟಿ!" ಎಂದು ಕನ್ನಡದಲ್ಲೇ ಉತ್ತರಿಸಿ ಮುಂದೆ ಹೋದಳು.

ಒಂದು ತಿರುವು ದಾಟಿದೆವು. ಮೊದಲು ಸುನಂದಳ ತಲೆಯ ಮೇಲೆ, ಆಮೇಲೆ ಭುಜದ ಮೇಲೆ ಬಿಸಿಲು ಬಿತ್ತು. ಇನ್ನೂ ತುಸು ಮೇಲೆ ಜಗಲಿಯಂತೆ ಚಪ್ಪಟೆಯಾದ ಬಂಡೆಯೊಂದಿತ್ತು. ಅಲ್ಲಿ ಬೋಸಿಯನ್ನು ಇಳಿಸಿದಾಗ ಪಶ್ಚಿಮದ ಗೋಡೆಯ ಮೇಲೆ ಸೂರ್ಯ ಪೂರ್ತಿಯಾಗಿ, ದುಂಡಗೆ, ಕಣ್ಣೆದುರಿಗೇ ಕಾಣುತ್ತಿದ್ದ.

ಹೆಲೆನ್ ಕೊಕ್ಕೆಯಿಂದ ಮುಚ್ಚಳವನ್ನು ಅಲುಗಿಸದಂತೆ ಎತ್ತಿದಳು. ಒಂದು ಚಿಟಿಕೆ ಬೂದಿಯೂ ಒಳಗೆ ಬೀಳಲಿಲ್ಲ. ರೊಟ್ಟಿ ಉಬ್ಬಿತ್ತು. ಓಟದಲ್ಲಿ ಕೆಂಡಗಳು ಸರಿದುದರಿಂದ ಒಂದು ಮಗ್ಗುಲು ಕಡುಗಂದು, ಇನ್ನೊಂದು ಮಗ್ಗುಲು ಬಿಳಿಚು. ನಡುವೆ ನೆತ್ತಿ ಬಿರುಕು ಬಿಟ್ಟಿತ್ತು. ಆಕೆ ಬೆರಳ ಗೆಣ್ಣಿನಿಂದ ತಟ್ಟಿದಳು. ಡೊಳ್ಳಿನಂತೆ ಟೊಳ್ಳು ಸದ್ದು ಬಂತು. ಬೆಂದಿತ್ತು.

ಸುನಂದಾ ಕೈ ತೊಳೆದು, ಸೂರ್ಯನಿಗೆ ಮುಖಮಾಡಿ, ಬಂಡೆಯ ಮೇಲೆ ಪದ್ಮಾಸನದಲ್ಲಿ ಕುಳಿತಳು. ಎಲೆಯಿರಲಿಲ್ಲ; ಬಲ ಅಂಗೈಯನ್ನೇ ಚಾಚಿದಳು. ಹೆಲೆನ್ ಬಿಸಿಗೆ ಉಫ್ ಉಫ್ ಎನ್ನುತ್ತ ರೊಟ್ಟಿಯ ಹದವಾಗಿ ಬೆಂದ ಭಾಗವನ್ನು ಮುರಿದು ಆ ಕೈಯಲ್ಲಿಟ್ಟಳು. ಆಮೇಲೆ ತಾನೂ ಕೆಳಗೆ ಕುಳಿತು, ತೇರ್ಗಡೆಯ ಫಲಿತಾಂಶ ಕೇಳುವವಳಂತೆ ಸುನಂದಳ ಮುಖವನ್ನೇ ನೋಡಿದಳು.

ಸುನಂದಾ ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಏನನ್ನೋ ಸ್ಮರಿಸಿ, ತುತ್ತನ್ನು ಬಾಯಿಗಿಟ್ಟಳು. ನಿಧಾನವಾಗಿ ಅಗಿದಳು. ಧರಣೇಂದ್ರ, "ಎಣ್ಣೆ ವಾಸ್ನೆ ಹೊಡೀತದಾ ಅಕ್ಕ?" ಎಂದು ಪಿಸುಗುಟ್ಟಿದ.

ಸುನಂದಾ ಕೈಯಲ್ಲಿದ್ದುದನ್ನು ಕೊನೆಯ ಚೂರಿನವರೆಗೆ ತಿಂದು ಮುಗಿಸಿದಳು. ನೆರಳಿನ ಗೆರೆ ನಮ್ಮ ಬಂಡೆಯ ಅಂಚಿಗೆ ಬಂದು ತಾಗಿತ್ತು. ನೀರಿನ ಚೊಂಬು ಪಕ್ಕದಲ್ಲೇ ಇತ್ತು. ಕೈ ತೊಳೆಯುವಳೆಂದು ನಾನು ಅದನ್ನು ಅವಳತ್ತ ಸರಿಸಿದೆ. ಸುನಂದಾ ಚೊಂಬನ್ನು ಪಕ್ಕಕ್ಕೆ ತಳ್ಳಿ, ಖಾಲಿಯಾದ ಅಂಗೈಯನ್ನು ಮತ್ತೆ ಹೆಲೆನ್ನಳ ಮುಂದೆ ಚಾಚಿದಳು.

"ಇನ್ನೊಂದ್ ಸ್ವಲ್ಪ ಹಾಕೇ," ಎಂದಳು.

ಹೆಲೆನ್ ಎರಡೂ ಕೈಗಳಿಂದ ರೊಟ್ಟಿಯ ದೊಡ್ಡ ತುಂಡನ್ನು ಮುರಿದಳು. "ಬಿರ್ರನೆ ತಿನ್ನಕ್ಕ," ಎಂದಳು ನಗುತ್ತ, ಅಳುತ್ತ. "ಸೂರ್ಯ ಇನ್ನೂ ಅವ್ನೆ."